ಈಶಪ್ಪನವರ ಬಾಯಲ್ಲಿ ಗೋವಿಂದ

ಲಗ್ಗೆರೆಯ ನಮ್ಮ ಬೀದಿಯಲ್ಲಿ ಈಶಪ್ಪನವರ ಕಣ್ಣಿಗೆ ಹೆದರದವರು ಇರಲಿಲ್ಲ. ಪೀಣ್ಯದ ಒಂದು ಲೇತ್ ಕಾರ್ಖಾನೆಯಲ್ಲಿ ಅವರು ಸೂಪರ್‌ವೈಸರ್. ಅಲ್ಲಿ ಯಾವುದಾದರೂ ಯಂತ್ರ ನಿಂತರೆ ಬೇರೆಯವರೆಲ್ಲ ಯಂತ್ರದತ್ತ ಓಡುತ್ತಿದ್ದರು. ಈಶಪ್ಪನವರು ಮಾತ್ರ ಇದ್ದಲ್ಲೇ ನಿಂತು, ಕೈಕಟ್ಟಿ, ಸುತ್ತಲಿನವರ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. "ಕಬ್ಬಿಣಕ್ಕೆ ಬುದ್ಧಿ ಇಲ್ಲ. ಅದು ತಾನಾಗೇ ಕೆಡಲ್ಲ. ಯಾರೋ ಕೆಡಿಸಿರ್ತಾರೆ" ಎಂಬುದು ಅವರ ಸಿದ್ಧಾಂತ. ಹಾಗೆ ದಿಟ್ಟಿಸುತ್ತಾ ನಿಂತಾಗ ಯಾರಾದರೊಬ್ಬರು ಅಳುಕಿ ಕೆಮ್ಮುತ್ತಿದ್ದರು. ಕೆಮ್ಮಿದವನೇ ಅಪರಾಧಿ. ಪೀಣ್ಯದ ಧೂಳಿನಲ್ಲಿ ಕೆಮ್ಮದವರು ಯಾರು ಎಂಬ ಪ್ರಶ್ನೆಯನ್ನು ಯಾರೂ ಎತ್ತದೆ ಇದ್ದುದರಿಂದ ಸಿದ್ಧಾಂತ ಅಜೇಯವಾಗಿ ಉಳಿದಿತ್ತು.

ಅದಕ್ಕೆ ಮೊದಲ ಪೆಟ್ಟು ಬಿದ್ದದ್ದು ನಮ್ಮ ಬೀದಿಗೆ ಹೊಸ ಇಂಟರ್ನೆಟ್ ಬಂದ ವರ್ಷ, 2017ರಲ್ಲಿ.

ಆ ಸಂಪರ್ಕವನ್ನು ಬೀದಿಯಲ್ಲಿ ಮೊದಲು ಹಾಕಿಸಿದವರು ಈಶಪ್ಪನವರೇ. ಮನೆಗೆ ಯಾರು ಬಂದರೂ ನೀರಿಗಿಂತ ಮೊದಲು ಫೋನು ಮುಂದೆ ಬರುತ್ತಿತ್ತು. ವೇಗ ಅಳೆಯುವ ಆಪ್ ತೆರೆದು, ಮುಳ್ಳು ಸರ್ರನೆ ಬಲಕ್ಕೆ ಹಾರುವುದನ್ನು ತೋರಿಸಿ, "ಐವತ್ತು!" ಎನ್ನುತ್ತಿದ್ದರು. ಬಂದವರು ತಲೆದೂಗಬೇಕು. ಅದರ ಕೆಳಗೆ ಅಪ್‌ಲೋಡ್ ಎಂದು ಇನ್ನೊಂದು ಸಣ್ಣ ಅಂಕಿ ಮೂಡುತ್ತಿತ್ತು. ಅದು ಮೂಡುವ ಮೊದಲೇ ಅವರು ಫೋನನ್ನು ಜೇಬಿಗಿಳಿಸಿರುತ್ತಿದ್ದರು.

ರಾಣೆಬೆನ್ನೂರು ಕಡೆಯ ಶಿವಭಕ್ತರ ಮನೆತನ. ವೈಫೈಗೆ ಪಾಸ್‌ವರ್ಡ್ ಏನಿಡಲಿ ಎಂದು ಕೇಬಲ್ಲಿನ ಇರಣ್ಣ ಕೇಳಿದಾಗ ಈಶಪ್ಪನವರು ಅರೆಕ್ಷಣವೂ ಯೋಚಿಸಲಿಲ್ಲ. ಓಂ ನಮಃ ಶಿವಾಯ. ಬೀದಿಯಲ್ಲಿ ಮುಕ್ಕಾಲು ಪಾಲು ಮನೆಗಳು ಶೈವರವೇ, ಮುಕ್ಕಾಲು ಪಾಲು ಮನೆಗಳ ಪಾಸ್‌ವರ್ಡೂ ಅದೇ ಎಂಬುದು ಬೇರೆ ಮಾತು.

ಆ ನೆಟ್ಟಿಗೆ ನೇತುಹಾಕಿದ ಅವರ ಇನ್ನೊಂದು ಹೆಮ್ಮೆ ಸಿಸಿ ಕ್ಯಾಮೆರಾ. ಅಂಗಳದ ದಾಸವಾಳದ ಗಿಡ ಕಾಂಪೌಂಡಿನಾಚೆ ತಲೆ ಚಾಚಿತ್ತು. ಬೆಳಗಾಗುವುದರೊಳಗೆ ಯಾರೋ ಹೂವನ್ನೆಲ್ಲ ಕಿತ್ತೊಯ್ದು, ಈಶಪ್ಪನವರ ಪೂಜೆಗೆ ಬರೀ ಎಲೆ ಉಳಿಸುತ್ತಿದ್ದರು. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಕ್ಯಾಮೆರಾ ಬಂತು. ಗಿಡಕ್ಕೆ ನೇರವಾಗಿ ಗೋಡೆಯ ಮೇಲೆ ಕುಳಿತಿತು. ಹಣೆಯಲ್ಲಿ ಒಂದು ನೀಲಿ ದೀಪ ಹಗಲಿರುಳು ಉರಿಯುತ್ತಿತ್ತು. ಅಂದಿನಿಂದ ಒಂದು ಮೊಗ್ಗೂ ಕಳುವಾಗಲಿಲ್ಲ. ಕಾರ್ಖಾನೆಯಲ್ಲಿ ಚಹಾ ಕುಡಿಯುವಾಗಲೂ ಈಶಪ್ಪನವರು ಫೋನಿನಲ್ಲಿ ತಮ್ಮ ಗಿಡವನ್ನು ನೋಡಿ ತೃಪ್ತರಾಗುತ್ತಿದ್ದರು.

ಈಗ ಅವರ ಹೆಂಡತಿ ಮಹಾನಂದಾ ಅವರ ವಿಷಯಕ್ಕೆ ಬರೋಣ, ಯಾಕೆಂದರೆ ಯುದ್ಧ ಅವರದು. ಮಹಾನಂದಾ ರೊಟ್ಟಿ ಬಡಿದರೆ ಸದ್ದು ಬೀದಿಯ ತಿರುವಿನವರೆಗೆ ಕೇಳುತ್ತದೆ. ಇಂಥ ಮನೆತನಕ್ಕೆ ಹಿಂದಿನ ವರ್ಷ ಒಂದು ಅವಮಾನವಾಗಿತ್ತು. ಈಶಪ್ಪನವರ ತಂಗಿ ಶೈಲಾ ದಾವಣಗೆರೆಯಿಂದ ಒಂದು ಟಿವಿ ಅಡುಗೆ ಕಾರ್ಯಕ್ರಮಕ್ಕೆ ಆಯ್ಕೆಯಾಗಿ, ನಾಡಿನ ಜನರೆಲ್ಲ ನೋಡುತ್ತಿರುವಾಗ, ಜೋಳದ ರೊಟ್ಟಿಯನ್ನು ಲಟ್ಟಣಿಗೆಯಲ್ಲಿ ಲಟ್ಟಿಸಿದ್ದಳು. ಬಡಿಯಲಿಲ್ಲ. ಲಟ್ಟಿಸಿದ್ದಳು! ಮೇಲಿಂದ "ನಮ್ಮ ಮನೆತನದಾಗ ಹಿಂಗ ಮಾಡ್ತೀವಿ" ಎಂದೂ ಹೇಳಿದ್ದಳು. ಆ ರಾತ್ರಿ ಮಹಾನಂದಾ ಊಟ ಮಾಡಲಿಲ್ಲ.

ಈ ವರ್ಷ ಅದೇ ಕಾರ್ಯಕ್ರಮಕ್ಕೆ ಮತ್ತೆ ಕರೆ ಬಂತು. ಅಡುಗೆಯ ವಿಡಿಯೋ ಮಾಡಿ ಭಾನುವಾರ ಸಂಜೆ ಆರರೊಳಗೆ ಅವರ ವೆಬ್‌ಸೈಟಿಗೆ ಏರಿಸಬೇಕು. ಮಹಾನಂದಾ ಬೆಳಿಗ್ಗೆ ರೇಷ್ಮೆ ಸೀರೆ ಉಟ್ಟು, ಎಣ್ಣೆಗಾಯಿ ಮಾಡಿ, ಅಡುಗೆಕಟ್ಟೆ ನಡುಗುವಂತೆ ರೊಟ್ಟಿ ಬಡಿದರು. ಪಕ್ಕದ ಮನೆಯ ಗೌರಮ್ಮ ಮಹಾನಂದಾ ಅವರ ಮೊಬೈಲಿನಲ್ಲೇ ಅದನ್ನು ಚಿತ್ರೀಕರಿಸಿದರು. ಊಟದ ಹೊತ್ತಿಗೆ ವಿಡಿಯೋ ಏರತೊಡಗಿತು.

ಏರತೊಡಗಿತು ಎಂದೆನೇ? ತಪ್ಪಾಯಿತು.

"ಏನ್ರೀ, ಇದು ಮುಂದಕ್ಕ ಹೋಗವಲ್ದು ನೋಡ್ರಿ" ಎಂದರು ಮಹಾನಂದಾ.

"ಎಷ್ಟಾಗೇತಿ?"

"ಊಟಕ್ಕ ಕುಂದ್ರೂ ಮುಂದ ನೂರಕ್ಕ ಮೂರು ಅಂತ ತೋರಸ್ತಿತ್ತು. ಕೈ ತೊಳಕೊಂಡು ಬಂದೆ, ಮೂರ ಐತಿ."

"ಐವತ್ತರ ಸ್ಪೀಡ್ ಐತಿ ಮಾರಾಯ್ತಿ! ಸರಿಯಾಗಿ ಒತ್ತೀಯಿಲ್ಲೋ?"

"ನಿಮ್ಮ ಐವತ್ತು ಬಂದವರಿಗೆ ತೋರ್ಸಾಕಷ್ಟ ಐತೇನು? ಈ ಸಲ ನನ್ನ ರೊಟ್ಟಿ ಹೋಗಲಿಲ್ಲಂದ್ರ, ಶೈಲಾನ ಲಟ್ಟಿಸಿದ ರೊಟ್ಟೀನ ನಮ್ಮನಿ ರೊಟ್ಟಿ ಅಂತ ಊರೆಲ್ಲ ತಿಳಕೋತೈತಿ. ನೆನಪಿರ್ಲಿ."

ಈಶಪ್ಪನವರು ಎದ್ದರು. ಲುಂಗಿ ಎತ್ತಿ ಕಟ್ಟಿದರು. ಮೊದಲು ರೂಟರಿನ ಮೈ ಒರೆಸಿದರು. ಅದರ ಕೋಡುಗಳನ್ನು ಒಮ್ಮೆ ಪೂರ್ವಕ್ಕೆ, ಒಮ್ಮೆ ಉತ್ತರಕ್ಕೆ ತಿರುಗಿಸಿದರು. ಆರಿಸಿ ಹಚ್ಚಿದರು. ಕಾರ್ಖಾನೆಯ ಅಭ್ಯಾಸದಂತೆ ಬೆನ್ನಿಗೆ ಒಂದು ಹಿತವಾದ ಏಟು ಕೊಟ್ಟರು. ವಿಡಿಯೋ ನಾಲ್ಕಕ್ಕೆ ಬಂದು ಮತ್ತೆ ಕುಳಿತಿತು.

ಇರಣ್ಣನಿಗೆ ಫೋನು ಹೋಯಿತು. ಬಾಗಲಕೋಟೆ ಕಡೆಯ ಆತ ಅಂದು ಮಾದನಾಯಕನಹಳ್ಳಿಯಲ್ಲಿ ಯಾವುದೋ ಮದುವೆಗೆ ಹೋಗಿದ್ದ. ಹಿಂದೆ ಬ್ಯಾಂಡು ಬಾರಿಸುತ್ತಿತ್ತು.

"ಸರ್ರ, ಇಳಿಯೂದು ಹೆಂಗೈತ್ರಿ?"

"ಇಳಿಯೋದು ಜೋಗದ ಥರ ಇಳೀತಿದೆ ಕಣಯ್ಯ. ಏರೋದೇ ಇಲ್ಲ."

"ನಿಮ್ಮ ಪ್ಲಾನಿನ್ಯಾಗ ಇಳಿಯೂ ದಾರಿ ದೊಡ್ಡದ್ರಿ, ಏರೂ ದಾರಿ ಸಣ್ಣದು. ಆದ್ರೂ ಒಂದು ವಿಡಿಯೋಕ್ಕ ಸಾಕಾಗಬೇಕು. ಮನ್ಯಾಗ ಬ್ಯಾರೆ ಏನರ ನೆಟ್ಟಿನ ಮ್ಯಾಲ ಕಳಸಾಕ್ಹತ್ತೈತೇನ್ರಿ?"

ಈಶಪ್ಪನವರು ಮನೆಯ ಉದ್ದಗಲ ಕಣ್ಣಾಡಿಸಿದರು. ಕಣ್ಣು ಕಿಟಕಿಯಾಚೆಯ ಕ್ಯಾಮೆರಾದ ಮೇಲೂ ಹಾದುಹೋಯಿತು. ಆದರೆ ಕ್ಯಾಮೆರಾದ ಕೆಲಸ ನೋಡುವುದು. ನೋಡುವುದಕ್ಕೂ ಕಳಿಸುವುದಕ್ಕೂ ವ್ಯತ್ಯಾಸ ತಿಳಿಯದವರೇ ಅವರು?

"ಕಳಿಸೋದು ಏನೂ ಇಲ್ಲ" ಎಂದರು, ಪ್ರಮಾಣ ಮಾಡಿದ ಹಾಗೆ.

"ಹಂಗಾರ ಒಂದೊಂದ ಆರಿಸಿ ನೋಡ್ರಿ."

ಆರಿಸಿದರು. ಟಿವಿ ಆರಿತು. ತಮ್ಮ ಫೋನನ್ನು ಜೋಳದ ಹಿಟ್ಟಿನ ಸ್ಟೀಲ್ ಡಬ್ಬಿಯೊಳಗೆ ಹಾಕಿ ಬಿಗಿಯಾಗಿ ಮುಚ್ಚಿದರು. ಇಂಟರ್ನೆಟ್ ಅಂದರೇನೆಂದೇ ತಿಳಿಯದ ಫ್ರಿಜ್ಜು ಕೂಡ ಅನುಮಾನದಿಂದ ಪಾರಾಗಲಿಲ್ಲ. ಮಿಕ್ಸಿಯ ವಯರನ್ನೂ ಕಿತ್ತರು. ವಿಡಿಯೋ ಆರಕ್ಕೆ ಬಂದಿತ್ತು. ಗಡಿಯಾರ ನಾಲ್ಕು ದಾಟಿತ್ತು.

ಯಂತ್ರದಲ್ಲಿ ತಪ್ಪಿಲ್ಲ ಎಂದಮೇಲೆ ಉಳಿದದ್ದೇನು? ಸಿದ್ಧಾಂತ. ಈಶಪ್ಪನವರು ಹಿಟ್ಟು ಮೆತ್ತಿದ ಫೋನನ್ನು ಹಿಡಿದು ಮಾಳಿಗೆ ಹತ್ತಿ, ಕೈಕಟ್ಟಿ, ಬೀದಿಯ ಮುಖಗಳನ್ನು ಒಂದೊಂದಾಗಿ ನೋಡತೊಡಗಿದರು. ಎದುರು ಮನೆಯ ಮಾಳಿಗೆಯಲ್ಲಿ ನರಸಿಂಹಯ್ಯನವರು ಕುರ್ಚಿ ಹಾಕಿಕೊಂಡು ಮೊಬೈಲಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ತಮ್ಮ ಮೇಲೆ ಬಿದ್ದ ದೃಷ್ಟಿಯ ಬಿಸಿಗೆ ಒಮ್ಮೆ ತಲೆಯೆತ್ತಿದರು.

ಕೆಮ್ಮಿದರು.

"ಏನ್ ನರಸಿಂಹಯ್ಯನೋರೇ, ಮ್ಯಾಚು ಜೋರಾ?" ಈಶಪ್ಪನವರದು ಮನೆಯೊಳಗೆ ರಾಣೆಬೆನ್ನೂರಿನ ಮಾತು, ಬೀದಿಯಲ್ಲಿ ಬೆಂಗಳೂರಿನದು.

"ಸಕ್ಕತ್ತಾಗದೆ ಕಣ್ರೀ. ಬನ್ನಿ, ನೋಡಿ."

"ಯಾರ ನೆಟ್ಟಲ್ಲಿ ನೋಡ್ತಿದ್ದೀರಾ?"

"ಯಾರ ನೆಟ್ಟಲ್ಲಿ ಅಂದ್ರೆ? ನನ್ ಫೋನು, ನನ್ ಸಿಮ್ಮು!"

"ಅಲ್ಲ, ನಮ್ಮನೆ ವೈಫೈಗೆ ಯಾರೋ ಕನ್ನ ಹಾಕಿದಾರೆ. ಕೇಳಿದೆ ಅಷ್ಟೇ."

ನರಸಿಂಹಯ್ಯನವರು ಎದ್ದು ನಿಂತರು. "ಸ್ವಾಮಿ, ನಿಮ್ ಪಾಸ್‌ವರ್ಡ್ ಓಂ ನಮಃ ಶಿವಾಯ ಅಂತ ಬೀದೀಲಿರೋ ನಾಯಿಗೂ ಗೊತ್ತು. ನಾನು ಮೂರು ನಾಮ ಹಾಕೋ ಮನುಷ್ಯ. ಅದನ್ನ ಒತ್ತೋಕೆ ನನ್ ಬೆರಳು ಬಗ್ಗುತ್ತೇನ್ರೀ? ಛೆ! ಹೂವಿನ ಕಳ್ಳತನ ಆದಾಗಲೂ ಹಿಂಗೇ ನನ್ ಮುಖಾನೇ ನೋಡಿದ್ರಿ!" ಎಂದು ಕುರ್ಚಿ ಮಡಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈಶಪ್ಪನವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಕೂಡಲೇ ಇರಣ್ಣನಿಗೆ ಮತ್ತೆ ಫೋನು ಮಾಡಿದರು. ಇರಣ್ಣ ಮದುವೆಮನೆಯಿಂದಲೇ ತನ್ನ ಮೊಬೈಲಿನಲ್ಲಿ ಪಾಸ್‌ವರ್ಡ್ ಬದಲಿಸಬಲ್ಲವನಾಗಿದ್ದ. ಹೊಸದು ಏನೆಂದು ಹೇಳಿದರೆ ಸಾಕು.

ಶೈವರ ಬೀದಿಯಲ್ಲಿ ಕನಸಿನಲ್ಲೂ ಯಾರಿಗೂ ಹೊಳೆಯಬಾರದಂಥದ್ದು ಯಾವುದು? ಈಶಪ್ಪನವರ ತಲೆಯಲ್ಲಿ ಮಿಂಚು ಹೊಡೆಯಿತು. ಅದನ್ನು ಎಲ್ಲರಿಗಿಂತ ಮೊದಲು ಊಹಿಸಬಲ್ಲ ಮನೆ ಆರೋಪಿಯದೇ ಎಂಬುದು ಆ ಬೆಳಕಿನಲ್ಲಿ ಕಾಣಲಿಲ್ಲ.

"ಗೋವಿಂದ ಗೋವಿಂದ" ಎಂದು ಪಿಸುಗುಟ್ಟಿದರು.

"ಕೇಳವಲ್ದ್ರೀ ಸರ್ರ! ಅಕ್ಷತಾ ಬೀಳಾಕ್ಹತ್ತೈತಿ, ಬ್ಯಾಂಡ್ ಜೋರೈತಿ!"

"ಗೋವಿಂದ!"

"ಏನ ಹೋತ್ರಿ?"

"ಹೋಗಿಲ್ಲಯ್ಯ! ಪಾಸ್‌ವರ್ಡು! ಗೋವಿಂದ ಗೋವಿಂದ! ಎರಡು ಸಲ! ಗೋವಿಂದಾ! ಗೋವಿಂದಾ!"

ಹಣೆ ತುಂಬ ವಿಭೂತಿ ಧರಿಸಿದ ಈಶಪ್ಪನವರು ಮಾಳಿಗೆಯ ಮೇಲೆ ನಿಂತು, ಕುತ್ತಿಗೆಯ ನರ ಉಬ್ಬುವಂತೆ ಗೋವಿಂದನನ್ನು ಕೂಗುವುದನ್ನು ನಮ್ಮ ಬೀದಿ ಅದೇ ಮೊದಲು ಕಂಡದ್ದು. ಹಾಲಿನವನು ಸೈಕಲ್ಲಿನಿಂದ ಕಾಲು ಕೆಳಗಿಟ್ಟ. ಗೋವಿಂದ ಎಂದರೆ ಎಲ್ಲ ಮುಗಿಯಿತು ಎಂದೇ ನಮ್ಮಲ್ಲಿ ಅರ್ಥವಾದ್ದರಿಂದ ಗೌರಮ್ಮ ಓಡಿಬಂದು ಮಹಾನಂದಾ ಅವರ ಕೈ ಹಿಡಿದುಕೊಂಡರು. "ಹೋಗ್ಲಿ ಬಿಡಕ್ಕ, ಅಳ್ಬೇಡ. ಮುಂದಿನ್ ವರ್ಷ ಇದ್ದೇ ಇದೆ."

"ನಾ ಯಾಕ ಅಳ್ಲಿ?" ಎಂದರು ಮಹಾನಂದಾ. ಹೊಸ ಪಾಸ್‌ವರ್ಡ್ ಹಾಕಿ ವಿಡಿಯೋವನ್ನು ಮೊದಲಿನಿಂದ ಏರಿಸತೊಡಗಿದ್ದರು. ಏನಾಶ್ಚರ್ಯ! ಅದು ಹತ್ತು ದಾಟಿತು, ಇಪ್ಪತ್ತು ದಾಟಿತು. ಗೌರಮ್ಮನಿಗೆ ಚಹಾ ಕುದಿಸಿ, ಸೋಸಿ, ಕುಡಿಸುವಷ್ಟರಲ್ಲಿ ಎಂಬತ್ತು. ಆರು ಗಂಟೆಗೆ ಇನ್ನೂ ಹೊತ್ತಿರುವಾಗಲೇ ನಿಮ್ಮ ವಿಡಿಯೋ ತಲುಪಿದೆ, ಧನ್ಯವಾದ ಎಂದು ಬಂತು. ಈಶಪ್ಪನವರು ಗೆದ್ದ ಪೈಲ್ವಾನನಂತೆ ಬೀದಿಯಲ್ಲಿ ಎರಡು ಸಲ ಅತ್ತಿತ್ತ ನಡೆದರು. ನರಸಿಂಹಯ್ಯನವರ ಬಾಗಿಲ ಮುಂದೆ ಬಂದಾಗ ಹೆಜ್ಜೆ ತುಸು ನಿಧಾನವಾಗುತ್ತಿತ್ತು.

ಮರುದಿನ ಬೆಳಿಗ್ಗೆ ಬುಟ್ಟಿ ಹಿಡಿದು ಹೊರಗೆ ಬಂದರೆ ಗಿಡದಲ್ಲಿ ಒಂದೇ ಒಂದು ದಾಸವಾಳ ಇರಲಿಲ್ಲ.

ಈಶಪ್ಪನವರು ಫೋನು ತೆರೆದರು. ಕಳ್ಳನ ಮುಖ ಇರಬೇಕಾದ ಜಾಗದಲ್ಲಿ ಕಪ್ಪು ಪರದೆ. ನಿನ್ನೆ ಸಂಜೆಯಿಂದ ಕ್ಯಾಮೆರಾಕ್ಕೆ ಸಂಪರ್ಕವಿಲ್ಲ ಎಂದು ಬರೆದಿತ್ತು. ಗೋಡೆಯ ಮೇಲೆ ನೀಲಿಯ ಬದಲು ಕೆಂಪು ದೀಪ ಮಿಟುಕುತ್ತಿತ್ತು.

"ನೋಡಿದೇನು, ನೆಟ್ ಕಳ್ಳನ ಸೇಡು!" ಎಂದರು.

ಮಹಾನಂದಾ ಹಿಟ್ಟು ನಾದುತ್ತಲೇ ಹೇಳಿದರು: "ಸ್ವಲ್ಪ ಯೋಚನಿ ಮಾಡ್ರಿ. ನಿನ್ನಿ ಹೊಸಾ ಪಾಸ್‌ವರ್ಡ್ ಇಡೀ ಲಗ್ಗೆರೆಗೆ ಕೇಳೂ ಹಂಗ ಒದರಿದ್ರಿ. ನೆಟ್ ಕದಿಯೂ ಮಂದಿ ಇದ್ದಿದ್ರ ಆವಾಗ ಮತ್ತ ಒಳಗ ಬರ್ತಿದ್ದಿಲ್ಲೇನು? ಆದ್ರೂ ನನ್ನ ವಿಡಿಯೋ ಸರಸರ ಏರಿತು. ಅಂದ್ರ ಕಳ್ಳ ಹೊರಗಿಲ್ಲ. ಪಾಸ್‌ವರ್ಡ್ ಬದಲಾದ ಕೂಡಲೇ ನಮ್ಮನ್ಯಾಗ ಸತ್ತದ್ದು ಯಾವುದು, ಹೇಳ್ರಿ."

ಈಶಪ್ಪನವರು ಕ್ಯಾಮೆರಾ ನೋಡಿದರು. ಕ್ಯಾಮೆರಾ ಅವರನ್ನು ನೋಡಲಿಲ್ಲ.

ಫೋನಿನಲ್ಲಿ ಇರಣ್ಣ ಹಣೆ ಬಡಿದುಕೊಂಡದ್ದು ಇಲ್ಲಿಗೆ ಕೇಳಿಸಿತು. "ಕ್ಯಾಮೆರಾ ಐತಂತ ಹೇಳಬಾರದೇನ್ರೀ ಸರ್ರ! ಅದು ನೋಡಿದ್ದನ್ನೆಲ್ಲ ದಿನಪೂರ್ತಿ ಮ್ಯಾಲ ಕಳಿಸ್ಕೋತ ಇರ್ತೈತಿ, ಅಲ್ಲಿಂದ ನಿಮ್ಮ ಫೋನಿಗೆ ಬರ್ತೈತಿ. ಸಣ್ಣ ದಾರ್ಯಾಗ ಅಷ್ಟು ದೊಡ್ಡ ಎಮ್ಮಿ ಅಡ್ಡ ಮಲಗಿದ್ರ ಅಕ್ಕಾರ ರೊಟ್ಟಿ ಹೆಂಗ ದಾಟಬೇಕು?"

ಹೀಗೆ, ಗಾಳಿಗೂ ಅಲುಗದ ಒಂದು ದಾಸವಾಳದ ಗಿಡದ ಚಿತ್ರವನ್ನು ಈಶಪ್ಪನವರು ತಿಂಗಳುಗಟ್ಟಲೆ ಆಕಾಶಕ್ಕೆ ಕಳಿಸುತ್ತಾ ಬಂದಿದ್ದರು.

"ಈ ಡಬ್ಬಿ ತಗೊಂಡು ಹೋಗಿ ಎದುರು ಮನಿಯವರಿಗೆ ತಪ್ಪಾತು ಅನ್ರಿ" ಎಂದು ಮಹಾನಂದಾ ಬಿಸಿ ರೊಟ್ಟಿ, ಎಣ್ಣೆಗಾಯಿಯ ಡಬ್ಬಿ ಕೈಗಿಟ್ಟರು. ಪೀಣ್ಯದ ಸಿಂಹ ತಲೆ ತಗ್ಗಿಸಿ ರಸ್ತೆ ದಾಟಿತು.

ನರಸಿಂಹಯ್ಯನವರು ಬಾಗಿಲು ತೆರೆದರು. ಅವರ ಮುಖದಲ್ಲಿ ಸಿಟ್ಟು ಇರಬೇಕಿತ್ತು. ಇದ್ದದ್ದು ಗಾಬರಿ.

"ನರಸಿಂಹಯ್ಯನೋರೇ, ನಿನ್ನೆ ನಾನು ದುಡುಕಿಬಿಟ್ಟೆ. ನೆಟ್ ತಿಂತಿದ್ದಿದ್ದು ನಮ್ಮನೆ ಕ್ಯಾಮೆರಾನೇ. ನೀವು ಕಳ್ಳ ಅಲ್ಲ..." ಎನ್ನುತ್ತಾ ಈಶಪ್ಪನವರು ತಲೆಯೆತ್ತಿದರು. ನರಸಿಂಹಯ್ಯನವರ ಭುಜದಾಚೆ ದೇವರಕೋಣೆಯಲ್ಲಿ ಲಕ್ಷ್ಮೀನರಸಿಂಹ ಸ್ವಾಮಿಯ ಪಟ ಕಾಣುತ್ತಿತ್ತು. ಸ್ವಾಮಿ ಕಿವಿಯಿಂದ ಪಾದದವರೆಗೆ ದಾಸವಾಳದಲ್ಲಿ ಮುಳುಗಿಹೋಗಿದ್ದ. ಹೂಗಳ ಇಬ್ಬನಿ ಇನ್ನೂ ಆರಿರಲಿಲ್ಲ.

ಈಶಪ್ಪನವರು ಅಭ್ಯಾಸಬಲದಿಂದ ಕೈಕಟ್ಟಲು ಹೋದರು. ಕೈಯಲ್ಲಿ ಡಬ್ಬಿ ಇತ್ತು. ಹಾಗೇ ಮುಖ ದಿಟ್ಟಿಸಿದರು. ನರಸಿಂಹಯ್ಯನವರು ಕೆಮ್ಮಿದರು. ಅದೇನು ತೋಚಿತೋ, ಮರುಕ್ಷಣ ಈಶಪ್ಪನವರೂ ಕೆಮ್ಮಿದರು.

"ಆ ನೀಲಿ ದೀಪ ಯಾವತ್ತು ಆರುತ್ತೋ ಅಂತ ಎಷ್ಟು ದಿನದಿಂದ ಕಾಯ್ತಿದ್ದೆ ಗೊತ್ತೇನ್ರೀ!" ಎಂದರು ನರಸಿಂಹಯ್ಯ, ನಗು ತಡೆಯಲಾರದೆ. "ಹೆಂಗೂ ಕಳ್ಳ ಅಂದ್ಬಿಟ್ಟಿದ್ರಲ್ಲ. ಸುಮ್ನೆ ಯಾಕೆ ಆ ಹೆಸ್ರು ದಂಡ ಮಾಡ್ಲಿ ಅಂದ್ಕೊಂಡೆ. ಬನ್ನಿ, ಒಳಗೆ ಬನ್ನಿ. ಆ ಡಬ್ಬೀಲಿ ಏನಿದೆ?"

ಮಹಾನಂದಾ ಆಯ್ಕೆಯಾದರು. ಟಿವಿಯಲ್ಲಿ ಅವರು ರೊಟ್ಟಿ ಬಡಿದ ಸದ್ದಿಗೆ ನಿರೂಪಕಿ ಹೆಜ್ಜೆ ಹಿಂದಿಟ್ಟದ್ದನ್ನು ಬೀದಿಯವರೆಲ್ಲ ಈಶಪ್ಪನವರ ಮನೆಯಲ್ಲಿ ಕುಳಿತು ನೋಡಿದರು. ದಾವಣಗೆರೆಯಿಂದ ಶೈಲಾ ಫೋನು ಮಾಡಿ, "ಛಲೋ ಆಗಿತ್ತು ವೈನಿ, ಆದ್ರ ಅಂಚು ಸ್ವಲ್ಪ ದಪ್ಪ ಕಂಡ್ತು" ಎಂದಳಂತೆ. ಆ ರಾತ್ರಿ ಮಹಾನಂದಾ ಎರಡು ರೊಟ್ಟಿ ಹೆಚ್ಚು ಉಂಡರು.

ಅಂದಿನಿಂದ ಅವರಿಗೆ ವಿಡಿಯೋದ ರುಚಿ ಹತ್ತಿದೆ. ಭಾನುವಾರ ಬಂದರೆ ಒಂದು ಅಡುಗೆ ಏರಿಸುತ್ತಾರೆ. ಅದಕ್ಕಾಗಿ ಕ್ಯಾಮೆರಾ ಆರಿಸಲೇಬೇಕು. ಕಾರ್ಖಾನೆಯಲ್ಲಿ ಯಂತ್ರ ನಿಂತರೆ ಈಶಪ್ಪನವರು ಈಗ ಮೊದಲು ಯಂತ್ರವನ್ನೇ ನೋಡುತ್ತಾರೆಂದು ಕೇಳಿದ್ದೇವೆ. ಭಾನುವಾರ ಮಾತ್ರ ನೀಲಿ ದೀಪ ಆರಿದೊಡನೆ ಎದುರು ಮನೆಯ ಮಾಳಿಗೆಯಿಂದ ಒಂದು ಕೆಮ್ಮು ಕೇಳುತ್ತದೆ. ಈಶಪ್ಪನವರು ಪತ್ರಿಕೆಯನ್ನು ಇನ್ನಷ್ಟು ಮುಖದ ಹತ್ತಿರಕ್ಕೆ ಹಿಡಿದು, "ನಾಲ್ಕು ನಮ್ಮ ಪೂಜೆಗೂ ಬಿಡಿ ಸ್ವಾಮಿ" ಎನ್ನುತ್ತಾರೆ.