ಹೊರ್ತಿಯ ಗುಡ್ಡ ಚಿಗುರಿಸಿದ ಶೈಲಶ್ರೀ ಮೇಡಂ

ಮಳೆ ಕಡಿಮೆಯಾದ ನಮ್ಮ ನಾಡಿನ ಕುರುಚಲು ಕಾಡು ಕುರಿಯ ಬಾಯಿಯನ್ನೂ ಬೆಂಕಿಯ ನಾಲಗೆಯನ್ನೂ ತಾಳಿಕೊಂಡು ಮತ್ತೆ ಏಳುವ ಬಗೆಯನ್ನು ಬದುಕಿಡೀ ಅಭ್ಯಸಿಸಿದ ಸಸ್ಯವಿಜ್ಞಾನಿ ಡಾ. ಶೈಲಶ್ರೀ ಹತ್ತಳ್ಳಿಯವರು. ಇಂಡಿ ಪಟ್ಟಣದ ಕಾಲೇಜಿನಲ್ಲಿ ಮೊದಲು ಅವರ ವಿದ್ಯಾರ್ಥಿನಿಯಾಗಿ, ಅನಂತರ ಸಹೋದ್ಯೋಗಿಯಾಗಿ ಗುಡ್ಡ ಹತ್ತಿದ ಭಾಗ್ಯ ನನ್ನದು. ಜಾಲಿಮುಳ್ಳಿಗೆ ನನ್ನ ಚಪ್ಪಲಿ ತೂತಾದ ದಿನ ತಮ್ಮ ಬೂಟು ನನಗೆ ತೊಡಿಸಿ, ಆ ತೂತು ಚಪ್ಪಲಿಯಲ್ಲೇ ಇಳಿದು ಬಂದವರು ಅವರು.

೧೯೯೬ರಲ್ಲಿ ಹತ್ತಿರದ ಹೊರ್ತಿ ಊರಿನ ಗುಡ್ಡದ ಅರ್ಧಕ್ಕೆ ತಂತಿಬೇಲಿ ಹಾಕಿಸಿ, ಉಳಿದರ್ಧವನ್ನು ಕುರಿಗಳಿಗೆ ಬಿಟ್ಟರು. ಕುರಿ ಮೇಯದಿದ್ದರೆ ಬಾರಿಹಣ್ಣು, ಕವಳಿಹಣ್ಣಿನ ಪೊದೆಗಳು ಎಂಥ ಆಪತ್ತನ್ನೂ ತಾಳುತ್ತವೆಂಬುದು ಅವರ ನಂಬಿಕೆ. ಮೂರನೆಯ ಬೇಸಿಗೆಯಲ್ಲಿ ಇಡೀ ಗುಡ್ಡ ಹೊತ್ತಿ ಉರಿಯಿತು. ಹೊಸ ಹುಲ್ಲಿನ ಆಸೆಗೆ ಕುರಿಯವರೇ ಕಡ್ಡಿ ಗೀರಿದ್ದಾರೆಂದು ಊರು ಆಡಿಕೊಂಡಿತು. ಅಲ್ಲಿ ಮಂದೆ ಕಾಯುತ್ತಿದ್ದ ರೇವವ್ವನನ್ನು ಗುಡ್ಡದಿಂದ ಶಾಶ್ವತವಾಗಿ ಹೊರಗಿಡಲು ಹಿರಿಯರು ಸಿದ್ಧರಾದರು. "ಒಂದು ಮಳಿ ಬೀಳೂತನಕ ತಡೀರಿ, ಏನು ಚಿಗೀತೈತಿ ನೋಡೂಣು" ಎಂದು ಮೇಡಂ ಬೇಡಿಕೊಂಡರು. ಅಲ್ಲಿಯವರೆಗೆ ತಮ್ಮ ಬೀಳು ಹೊಲದಲ್ಲಿ ಆಕೆಯ ಕುರಿ ನಿಲ್ಲಿಸಿಕೊಳ್ಳಲು ಊರಿನ ಹಿರಿಯ ಶಂಕರೆಪ್ಪಗೌಡರನ್ನು, ಹೊಲಕ್ಕೆ ಗೊಬ್ಬರವಾಗುತ್ತದೆಂದು ಹೇಳಿ, ಒಪ್ಪಿಸಿದರು.

ಮಳೆ ಬಿದ್ದ ಮೇಲೆ ಹತ್ತಿ ನೋಡಿದರೆ, ಕುರಿ ಮೇದ ಕಡೆ ಬುಡಬುಡಕ್ಕೂ ಎಳೆಚಿಗುರು! ಬೇಲಿಯೊಳಗೆ ಬರೀ ಕರಿ ಮೋಟು. ಮೇಯದೆ ಉಳಿದು ಒಣಗಿದ ಹುಲ್ಲು ಬೆಂಕಿಯನ್ನು ಬೇರಿನವರೆಗೆ ಇಳಿಸಿತ್ತು. ಮೇಡಂ ಬೂದಿಯಲ್ಲೇ ಕುಳಿತು ಕೂಗಿದರು: "ನನ್ನ ಲೆಕ್ಕ ತಪ್ಪೈತಿ! ಎಷ್ಟು ಚೊಲೊ ತಪ್ಪೈತಿ ನೋಡ!"

ಅದನ್ನೇ ಊರ ಸಭೆಯಲ್ಲೂ ಹೇಳಿದರು: "ಕಡ್ಡಿ ಗೀರಿದವರು ಯಾರೋ ನನಗ ಗೊತ್ತಿಲ್ರಿ. ಆ ಬೆಂಕಿಗೆ ಹುಲ್ಲು ಕೂಡಿಸಿ ಇಟ್ಟಾಕಿ ಮಾತ್ರ ನಾನು. ರೇವವ್ವನ್ನ ಹೊರಗ ಹಾಕಬ್ಯಾಡ್ರಿ. ಆದ್ರ ಚಿಗುರು ಗಟ್ಟಿ ಆಗೂತನಕ ಕುರಿನೂ ಬಿಡಬ್ಯಾಡ್ರಿ."

"ಎಲ್ಲಿತನಕರಿ, ಅಕ್ಕಾರ?" ಎಂದಳು ರೇವವ್ವ.

"ಎರಡು ಮಳಿಗಾಲ, ರೇವವ್ವ."

ಆಕೆ ಗೌಡರ ಕಡೆ ತಿರುಗಿದಳು. ಗೌಡರು ರುಮಾಲು ಸರಿಪಡಿಸಿಕೊಂಡು, "ಹೊಲ ಐತಿ, ನಿಲ್ಲಸವ್ವ" ಎಂದರು.

ಎರಡು ಮಳೆಗಾಲ ಕಳೆದು ಮಂದೆ ಗುಡ್ಡಕ್ಕೆ ಮರಳಿದಾಗ ಪೊದೆಗಳು ಸೊಂಟದೆತ್ತರ ಬೆಳೆದಿದ್ದವು. ಗುಡ್ಡದ ಒಂದು ಭಾಗ ಮೇಯಿಸಿ ಇನ್ನೊಂದಕ್ಕೆ ಚಿಗುರಲು ಬಿಡುವು ಕೊಡುವ ಸರದಿಯನ್ನು ಮೇಡಂ ಹಾಕಿಕೊಟ್ಟರು; ಆ ಕ್ರಮವನ್ನು ಸಿಂದಗಿ, ಬಸವನ ಬಾಗೇವಾಡಿಯ ಊರುಗಳೂ ಕೇಳಿ ಪಡೆದವು. ಬೇಲಿಯ ತಂತಿಯನ್ನು ಮೇಡಂ ತಾವೇ ನಿಂತು ಬಿಚ್ಚಿಸಿದರು.

ಮೊನ್ನೆ ಅವರ ನಿವೃತ್ತಿಯ ಮಾತೆತ್ತಿ ನಾನು ಕಣ್ಣೊರೆಸಿಕೊಂಡರೆ ಅವರು ನಕ್ಕುಬಿಟ್ಟರು: "ಹುಚ್ಚಿ, ಇನ್ನ ಗಂಟಿ ಬಾರಿಸವ್ರು ಯಾರೂ ಇಲ್ಲ. ಸಂಜಿತನಕ ಗುಡ್ಡದಾಗ ಇರಬಹುದು!" ಮುದ್ದೇಬಿಹಾಳದ ಕುರಿಗಾರರು ಆಗಲೇ ಕರೆ ಕಳಿಸಿದ್ದಾರೆ. ನೂರು ಮಳೆಗಾಲ ಕಾಣುವ ಆಯುಷ್ಯ, ಏರು ಹತ್ತುವ ಕಸುವು ನಮ್ಮ ಮೇಡಂಗೆ ಸಿಗಲಿ. ನಾಳಿನ ಮೊದಲ ಬಸ್ಸಿಗೆ ಅವರ ಜೊತೆ ನಾನೂ ಹೊರಟಿದ್ದೇನೆ.