ಅಕ್ಕೋರ ಮೊಸರಿನ ಡಬ್ಬಿ

ಹಾಲು ಮೊಸರಾಗುವ ಹೊತ್ತಿನಲ್ಲಿ ಒಂದು ವಾಸನೆ ಬರುತ್ತದೆ. ಅದು ಹಾಲಿನದೂ ಅಲ್ಲ, ಮೊಸರಿನದೂ ಅಲ್ಲ, ಎರಡರ ನಡುವಿನದು. ಮಣ್ಣಿನ ಗಡಿಗೆಯಾದರೆ ಅದರ ಜೊತೆ ಹೊಗೆಯ ವಾಸನೆ ಇರುತ್ತದೆ. ಮೊನ್ನೆ ಅದರ ಜೊತೆ ಕಾದ ಪ್ಲಾಸ್ಟಿಕ್ಕಿನ ವಾಸನೆ ಇತ್ತು. ನನ್ನ ಮಗಳು ಮೊಸರು ಮಾಡುವ ಕರೆಂಟಿನ ಡಬ್ಬಿಯೊಂದನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹಚ್ಚಿಟ್ಟಿದ್ದಳು. ಅಗ್ಗದ್ದು. ಎತ್ತಿದರೆ ಭಾರವೇ ಇಲ್ಲ, ಮಕ್ಕಳ ಆಟದ ಸಾಮಾನಿನ ಹಾಗೆ. ಇಬ್ರಾಹಿಂಪುರದ ಈ ಮನೆಯ ಹಿಂದೆ ರೈಲು ಹೋದಾಗಲೆಲ್ಲ ಅದರ ಮುಚ್ಚಳ ಗಡಗಡ ಅನ್ನುತ್ತಿತ್ತು. ಒಂದು ಸಲ ಎತ್ತಿ ನೋಡಿದೆ. ಆ ವಾಸನೆ ಮೂಗಿಗೆ ಬಡಿಯಿತು... ಜಲನಗರದ ಅಕ್ಕೋರು ನೆನಪಾದರು.

ಸಾಲಿ ಕಲಿಸುವ ಹೆಂಗಸರಿಗೆ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಅವರು ನನಗೆ ಸಾಲಿಯಲ್ಲಿ ಕಲಿಸಿದವರಲ್ಲ. ನಾನು ಬಬಲೇಶ್ವರದಲ್ಲಿ ಎರಡನೇ ಇಯತ್ತೆ ಮುಗಿಸಿ ಎಮ್ಮೆಯ ಹಿಂದೆ ಹೋದವಳು. ಮದುವೆಯಾಗಿ ತಿಕೋಟಾಕ್ಕೆ ಬಂದೆ, ಅಲ್ಲಿಯೂ ಎಮ್ಮೆಯೇ. ಬುಟ್ಟಿಯಲ್ಲಿ ಎರಡು ಗಡಿಗೆ ಮೊಸರು ಇಟ್ಟುಕೊಂಡು ಬೆಳಗಿನ ಬಸ್ಸು ಹತ್ತಿ ವಿಜಯಪುರಕ್ಕೆ ಬರುತ್ತಿದ್ದೆ. ಅಲ್ಲಿನ ಜಲನಗರ ಬಡಾವಣೆಯಲ್ಲಿ ಎಲ್ಲ ಪಗಾರದ ಜನ. ನನ್ನ ಹೆಸರು ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮಸರಾಕಿ ಅಂದರೆ ನಾನು.

ಅಕ್ಕೋರ ಮನೆ ನನ್ನ ಬೋಣಿಗೆಯ ಮನೆ. ದಿನದ ಮೊದಲ ವ್ಯಾಪಾರ ಯಾರ ಕೈಯಿಂದ ಆಗುತ್ತದೋ ಅದರ ಮೇಲೆ ಇಡೀ ದಿನ ನಿಂತಿರುತ್ತದೆ ಎಂದು ನಾವು ನಂಬುವವರು. ಅಕ್ಕೋರು ಪಾತ್ರೆ ಹಿಡಿದರೆ ಮಧ್ಯಾಹ್ನದೊಳಗೆ ಎರಡೂ ಗಡಿಗೆ ಖಾಲಿ. ಅವರು ಊರಿಗೆ ಹೋದ ದಿನ ನಾನು ಅರ್ಧ ಗಡಿಗೆ ಹೊತ್ತುಕೊಂಡು ವಾಪಸು ಬಂದದ್ದುಂಟು. ಅವರು ನಿವೃತ್ತರಾಗಿದ್ದರು, ಮದುವೆಯಾದವರಲ್ಲ. ಗಟ್ಟಿ ದನಿ. ಮೊಸರು ಅಳೆಯುವಾಗ ಕೂಡ ನನ್ನ ಕೈಯನ್ನು ಪರೀಕ್ಷೆ ಬರೆಯುವ ಹುಡುಗಿಯ ಕೈ ನೋಡಿದ ಹಾಗೆ ನೋಡುತ್ತಿದ್ದರು.

ಒಂದು ಬೇಸಿಗೆಯ ದಿನ ಹೋದರೆ ಮೇಜಿನ ಮೇಲೆ ಬಿಳಿಯ ಡಬ್ಬಿ.

"ಏನ್ರಿ ಅಕ್ಕೋರ ಇದು, ರೇಡಿಯೋನೋ?"

"ಮಸರು ಮಾಡೋ ಮಷೀನು. ಹಾಲು ಹಾಕಿ ಗುಂಡಿ ಒತ್ತಿದ್ರ ಮುಗೀತು."

"ಎಮ್ಮಿ ಕಟ್ಟೂದು ಬ್ಯಾಡೇನ್ರಿ?"

"ಕಟ್ಟೇನಲ್ಲ," ಎಂದು ಗೋಡೆಗೆ ಚುಚ್ಚಿದ್ದ ವಾಯರನ್ನು ತೋರಿಸಿದರು.

ನಕ್ಕೆ. ಅಕ್ಕೋರು ಮೆಲ್ಲಗೆ, "ಇನ್ನ ಮ್ಯಾಲೆ ಮಸರು ಬ್ಯಾಡ ತಂಗಿ. ಹೆಪ್ಪಿಗಷ್ಟ ಒಂದು ಚಮಚ ಹಾಕಿ ಹೋಗು," ಅಂದರು. ಬೋಣಿಗೆಯ ಮನೆ ಹೋಯಿತು ಅಂತ ನನಗೆ ಅಲ್ಲಿಯೇ ಅನಿಸಿತು. ಇವತ್ತು ಇವರು ಬಿಟ್ಟರು, ನಾಳೆ ಇವರನ್ನು ನೋಡಿ ಎಡಮನೆಯವರು, ಬಲಮನೆಯವರು. ನಾನು ಬುಟ್ಟಿ ಹೊತ್ತು ಯಾರ ಬಾಗಿಲಿಗೆ ಹೋಗಲಿ?

ಬಾಯಿಗೆ ಬಂದ ಸುಳ್ಳು ಹೇಳಿದೆ. "ಮಾರೋ ಮಸರು ಹೆಪ್ಪಿಗೆ ಬರಂಗಿಲ್ರಿ ಅಕ್ಕೋರ. ಹೆಪ್ಪ ಬ್ಯಾರೆ ಇರತೈತಿ. ನಾಳೆ ತರ್ತೀನಿ."

ಅವರು ನಂಬಿದರು. ಹುಟ್ಟಿದಾಗಿನಿಂದ ಓದು, ನೌಕರಿ, ಬಾಡಿಗೆ ಮನೆ, ಮೊಸರು ಯಾವಾಗಲೂ ಕೊಂಡು ತಿಂದದ್ದೇ. ಡಬ್ಬಿಯ ಜೊತೆ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಅಕ್ಕೋರಿಗೆ ಇಂಗ್ಲಿಷ್ ಬರುತ್ತಿತ್ತು, ಮೊಸರು ಬರುತ್ತಿರಲಿಲ್ಲ.

ಮನೆಗೆ ಹೋಗಿ ಒಂದು ಬಟ್ಟಲು ಮೊಸರನ್ನು ಒಲೆಯ ಮೇಲಿಟ್ಟು ಚೆನ್ನಾಗಿ ಬಿಸಿ ಮಾಡಿದೆ. ಆರಿದ ಮೇಲೆ ಕಡೆದು ಸಣ್ಣ ಡಬ್ಬಿಯಲ್ಲಿ ತುಂಬಿದೆ. ನೋಡಲಿಕ್ಕೆ ಮೊಸರೇ. ಆದರೆ ಬಿಸಿ ತಾಗಿದ ಹೆಪ್ಪು ಸತ್ತ ಹೆಪ್ಪು, ಅದರಿಂದ ಹಾಲು ಎದ್ದು ಕೂಡುವುದಿಲ್ಲ. ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ದಿನಾ ಅಂಥದ್ದನ್ನೇ ಒಯ್ದು ಕೊಟ್ಟೆ. ಮೊದಲ ದಿನ ಹಾಲು ಹಾಲಾಗಿಯೇ ಉಳಿಯಿತು. ಕರೆಂಟು ಕಡಿಮೆ ಬರುತ್ತದೆ ಅಂದರು ಅಕ್ಕೋರು. ಎರಡನೇ ದಿನ ಪಾಕೀಟಿನ ಹಾಲು ಸರಿ ಇಲ್ಲ ಅಂದರು. ಅವರದೂ ತಪ್ಪಿತ್ತು. ಪರೀಕ್ಷೆಯ ಕೋಣೆಯಲ್ಲಿ ಸುತ್ತಿದ ಅಭ್ಯಾಸ ನೋಡಿ, ತಾಸಿಗೊಮ್ಮೆ ಮುಚ್ಚಳ ತೆಗೆದು ಹಾಲನ್ನು ದಿಟ್ಟಿಸುತ್ತಿದ್ದರು. ಹಾಗೆ ದಿಟ್ಟಿಸಿದರೆ ಯಾವ ಹಾಲು ಮೊಸರಾದೀತು? ಮೂರನೇ ದಿನವೂ ಆಗಲಿಲ್ಲ. ಅಂದು ನಾನು ಬುಟ್ಟಿ ಇಳಿಸಿ ಸಮಾಧಾನ ಹೇಳುವವಳ ಹಾಗೆ, "ಸೋವಿ ರೊಕ್ಕದ ಸಾಮಾನ ಅಂದ್ರ ಹಂಗರಿ. ಮಸರು ಹಾಕಲೇನ್ರಿ?" ಅಂದೆ. ಹಾಕಿಸಿಕೊಂಡರು. ಬೋಣಿಗೆ ಉಳಿಯಿತು ಅಂತ ಕುಣಿಯುತ್ತ ಹೋದೆ.

ನಾಲ್ಕನೇ ದಿನ ಅಕ್ಕೋರು ಇಸ್ತ್ರಿ ಸೀರೆ ಉಟ್ಟು, ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು, ಕಾಯಿಸಿದ ಹಾಲನ್ನು ಥರ್ಮಾಸಿನಲ್ಲಿ ತುಂಬಿಕೊಂಡು ಬಾಗಿಲಲ್ಲೇ ನಿಂತಿದ್ದರು.

"ನಡಿ, ಅಂಗಡಿಗೆ ಹೋಗೂಣು. ಕೆಟ್ಟ ಮಷೀನು ಕೊಟ್ಟಾನ. ನೀ ಸಾಕ್ಷಿ. ನಿನ್ನ ಹೆಪ್ಪಿನ ಡಬ್ಬಿನೂ ತಗೋ."

"ನಾ ಯಾಕ್ರಿ, ನನ್ನ ಗಡಿಗಿ ಮಾರೂದೈತಿ."

"ಅಲ್ಲೇ ಮಾರು."

ಆಟೋದಲ್ಲಿ ಅಕ್ಕೋರು ಡಬ್ಬಿ ಕೊಂಡಿದ್ದ, ಸಿದ್ಧೇಶ್ವರ ಗುಡಿಯ ಹತ್ತಿರದ ಪಾತ್ರೆ ಅಂಗಡಿಗೆ ಹೋದೆವು. ಸಾವುಕಾರ ದಪ್ಪ ಮನುಷ್ಯ, ಚಷ್ಮಾ ಹಣೆಯ ಮೇಲೆ. ಅಕ್ಕೋರು ದನಿ ಏರಿಸಿದರು. ಅವನು ಸಿಟ್ಟಾಗಲಿಲ್ಲ. "ಇಲ್ಲೇ ಹಚ್ಚಿ ನೋಡೂಣ್ರಿ ಅಕ್ಕೋರ. ಮಷೀನು ಕೆಟ್ಟಿದ್ರ ಹೊಸಾದು ಒಯ್ಯರಿ," ಎಂದು ವಾಯರು ಚುಚ್ಚಿದ. ಡಬ್ಬಿಯೊಳಗೆ ನಾಲ್ಕು ಗಾಜಿನ ಬಟ್ಟಲು. ಎರಡರಲ್ಲಿ ಹಾಲು ಹಾಕಿದ. ಒಂದಕ್ಕೆ ನಾನು ತಂದಿದ್ದ ಹೆಪ್ಪು ಬಿತ್ತು. ಆಮೇಲೆ ಅವನ ಕಣ್ಣು ನನ್ನ ಗಡಿಗೆಯ ಮೇಲೆ ಬಿತ್ತು.

"ಯವ್ವಾ, ಆ ಗಡಿಗ್ಯಾಂದು ಒಂದು ಚಮಚ ಹಾಕು ಇದಕ್ಕ."

"ಮಾರೋ ಮಸರು ಹೆಪ್ಪಿಗೆ ಬರಂಗಿಲ್ಲರಿ," ಅಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ಅವನು ಹೊಟ್ಟೆ ಕುಲುಕಿಸಿ ನಕ್ಕ. "ನಮ್ಮಾಕಿ ಮುಂದ ಹೋಗಿ ಈ ಮಾತು ಹೇಳಬೇ. ಮದುವಿ ಆದಾಗಿಂದ ಕೊಂಡ ಮಸರಿನಿಂದನ ಹೆಪ್ಪ ಹಾಕಾಕತ್ತಾಳ ಆಕಿ."

ಚಮಚ ಅವನೇ ಅದ್ದಿದ. ನಾನು ತಡೆಯಲಾರೆ, ತಡೆದರೆ ಕಳ್ಳಿ ಎಂದು ಗೊತ್ತಾಗುತ್ತದೆ.

ಅಕ್ಕೋರು ಸ್ಟೂಲಿನ ಮೇಲೆ ಕುಳಿತರು. "ಆಗೂತನಕಾ ಏಳಂಗಿಲ್ಲ." ಮುಚ್ಚಳಕ್ಕೆ ಕೈ ಹಚ್ಚಲು ಹೋದಾಗಲೆಲ್ಲ ಸಾವುಕಾರ, "ಅಕ್ಕೋರ, ಹುಡುಗರು ಬರೀಲಿ ಬಿಡ್ರಿ," ಅನ್ನುತ್ತಿದ್ದ. ನಾನು ಅಂಗಡಿಯ ಮೆಟ್ಟಿಲ ಮೇಲೆ ಗಡಿಗೆ ಇಟ್ಟುಕೊಂಡು ಕುಳಿತೆ. ಗುಡಿಗೆ ಹೋಗುವವರು, ಬರುವವರು, ಸಂತೆಗೆ ಬಂದವರು ಎಲ್ಲ ಕೇಳಿ ಕೇಳಿ ಒಯ್ದರು. ಜಲನಗರ ಸುತ್ತಿದ್ದರೆ ಮಧ್ಯಾಹ್ನದ ತನಕ ಹೋಗುವ ಮೊಸರು ಎರಡು ತಾಸಿನಲ್ಲಿ ತಳ ಕಂಡಿತು. ಅಂಥ ವ್ಯಾಪಾರ ನಾನು ಕಂಡಿರಲಿಲ್ಲ. ಖುಷಿಪಡಲಿಕ್ಕೆ ಮಾತ್ರ ಆಗಲಿಲ್ಲ, ಬೆನ್ನ ಹಿಂದೆ ಆ ಡಬ್ಬಿ ಕಾಯುತ್ತಿತ್ತು... ಬಸವಣ್ಣನ ಹೆಸರು ಹಿಡಿದು, ನನ್ನ ಗಡಿಗೆಯ ಮೊಸರು ಇದೊಂದು ದಿನ ಕೆಡಲಿ ಎಂದು ಬೇಡಿಕೊಂಡೆ. ಮೊಸರು ಮಾರುವವಳು ಬೇಡುವ ಮಾತೇ ಅದು?

ಇಳಿಹೊತ್ತಿಗೆ ಮುಚ್ಚಳ ತೆಗೆದರು. ಒಂದು ಬಟ್ಟಲಲ್ಲಿ ಹಾಲು ಅಲುಗಾಡುತ್ತಿತ್ತು. ಇನ್ನೊಂದನ್ನು ಸಾವುಕಾರ ಬೋರಲು ಹಾಕಿ ತೋರಿಸಿದ. ಮೊಸರು ಬಟ್ಟಲು ಬಿಟ್ಟು ಕದಲಲಿಲ್ಲ. ಅದು ನನ್ನ ಗಡಿಗೆಯದು.

"ಮಷೀನಿಂದೇನೂ ತಪ್ಪಿಲ್ರಿ ಅಕ್ಕೋರ. ಆ ಹೆಪ್ಪ ಸತ್ತೈತಿ."

ಅಕ್ಕೋರು ಬಟ್ಟಲು ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಸೆರಗಿನ ತುದಿ ನೋಡಿದೆ. ಅವರು ಸಾವುಕಾರನಿಗೆ, "ತಪ್ಪು ನಂದಪ್ಪ. ಸುಮ್ಮನ ನಿನಗ ಅಂದೆ," ಅಂದರು. ಅಷ್ಟು ಜನರ ಮುಂದೆ ನನ್ನ ಮಾನ ತೆಗೆಯಬಹುದಿತ್ತು, ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಕುಳಿತು ಕೇಳಿದರು. "ಯಾಕ?"

"ನಿಮ್ಮ ಡಬ್ಬಿ ನನ್ನ ಬೋಣಿಗಿ ಕಸಗೊಂಡಿತ್ರಿ."

"ಈ ಡಬ್ಬಿ ಕರ ಹಾಕತೈತೇನ ಹುಚ್ಚಿ? ಹಾಲು ಎಲ್ಲಿಂದ ಬರಬೇಕು? ಪಾಕೀಟಿನ ಹಾಲು ನೀರಿದ್ದಂಗ. ಎಮ್ಮಿ ಹಾಲು ತಾ ಅಂತ ಹೇಳಾಕ ಇದೊಂದು ನೆಟ್ಟಗಾಗಲಿ ಅಂತ ಕಾಯಾಕತ್ತಿದ್ದೆ."

ನನಗೆ ಇದು ಹೊಳೆದಿರಲಿಲ್ಲ. ಇಷ್ಟು ವರ್ಷ ಎಮ್ಮೆ ಕಟ್ಟಿದವಳಿಗೆ, ಡಬ್ಬಿಗೂ ಎಮ್ಮೆ ಬೇಕು ಎಂಬುದು ಹೊಳೆಯಲಿಲ್ಲ ನೋಡಿ.

"ಮತ್ತ ಮಸರು ಯಾಕ ಬಿಟ್ರಿ?" ಅಂದೆ.

"ಡಾಕ್ಟರು ಹುಳಿ ತಿನಬ್ಯಾಡ ಅಂದಾರ. ನಿನ್ನ ಮಸರು ಬಸ್ಸಿನ್ಯಾಗ ಬರೂತನಕಾ ಹುಳಿ ಬಂದಿರತೈತಿ. ಹೇಳಿದ್ರ ಬ್ಯಾಸರ ಮಾಡ್ಕೋತಿ ಅಂತ ಹೇಳಲಿಲ್ಲ."

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನ್ನ ಮೊಸರಿಗೆ ಹುಳಿ ಅಂದರು. ಆದರೆ ಖರೆ. ಬೇಸಿಗೆಯಲ್ಲಿ ತಿಕೋಟಾದಿಂದ ಬರುವುದರೊಳಗೆ ನನಗೂ ಮೂಗಿಗೆ ಗೊತ್ತಾಗುತ್ತಿತ್ತು.

ಶಿಕ್ಷೆ ಕೊಡದೆ ಬಿಡುವವರಲ್ಲ ಅವರು. ಒಂದು ನೋಟ್‌ಬುಕ್ಕು, ಪೆನ್ನು ಮುಂದಿಟ್ಟರು. "ಆ ಇಂಗ್ಲಿಷ್ ಕಾಗದದಾಗ ಎಲ್ಲಾ ಇಲ್ಲ. ನಿನಗ ಏನು ಗೊತ್ತೈತಿ ಅದನ್ನ ಬರಿ. ಏನೂ ಮುಚ್ಚಿಡಬ್ಯಾಡ. ದಿನಾ ಒಂದು ಸಾಲು."

ಎರಡನೇ ಇಯತ್ತೆಯ ನಂತರ ನಾನು ಬರೆದದ್ದು ನನ್ನ ಸಹಿ ಒಂದೇ. ಮೊದಲ ಸಾಲಿಗೆ ಒಂದು ಚಹಾ ಆರಿ ತಣ್ಣಗಾಯಿತು. ದಿನಾ ಹಾಲು ಅಳೆದು ಕೊಟ್ಟು, ಕುಳಿತು ಒಂದು ಸಾಲು ಬರೆದು, ಬುಟ್ಟಿ ಹೊತ್ತು ಹೋಗುವುದು. ಹಾಲು ಉಕ್ಕಬೇಕು, ಆಮೇಲೆ ಬೆರಳು ತಡೆಯುವಷ್ಟು ಆರಬೇಕು ಅಂತ ಒಂದು ದಿನ. ಹೆಪ್ಪಿಗೆ ಬಿಸಿ ತಾಗಬಾರದು ಅಂತ ಮತ್ತೊಂದು ದಿನ. ಅದನ್ನು ಬರೆಯುವಾಗ ಅಕ್ಕೋರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಮುಚ್ಚಳ ತೆಗೆದು ತೆಗೆದು ನೋಡಬಾರದು ಅಂತ ಬರೆದ ದಿನ ನಾನು ಅವರನ್ನು ನೋಡಿದೆ. ಕೆಂಪು ಪೆನ್ನಿನಿಂದ ತಿದ್ದುತ್ತಿದ್ದರು. ಎಷ್ಟೋ ಸಲ ಸಾಲಿಗಿಂತ ತಿದ್ದುಪಡಿಯೇ ಉದ್ದ.

ಆ ಡಬ್ಬಿ ತಾನಾಗಿ ಬಂದ್ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಕ್ಕೋರು ಹಚ್ಚಿಟ್ಟು ಮಲಗಿಬಿಟ್ಟರು. ಎದ್ದು ನೋಡಿದರೆ ಮೊಸರು ಕಲ್ಲಿನ ಹಾಗೆ, ಮೇಲೆ ಹಸಿರು ನೀರು, ನನ್ನ ಗಡಿಗೆಯದಕ್ಕಿಂತ ಹುಳಿ. ಮರುದಿನ ನಾನು ನಕ್ಕದ್ದೇ ನಕ್ಕದ್ದು. ಡಾಕ್ಟರ ಮಾತನ್ನು ಅದೊಂದು ದಿನ ಬದಿಗಿಟ್ಟು ಅದನ್ನೆಲ್ಲ ಮಜ್ಜಿಗೆ ಸಾರು ಮಾಡಿ ಇಬ್ಬರೂ ರೊಟ್ಟಿ ಮುರಿದು ಉಂಡೆವು. ಅವತ್ತಿನ ಸಾಲು, "ತಾಸು ನೋಡಿ ಆರಿಸಬೇಕು, ಮಷೀನಿಗೆ ಬುದ್ಧಿ ಇಲ್ಲ." ಅದೊಂದಕ್ಕೆ ಅಕ್ಕೋರು ತಿದ್ದದೆ ರೈಟು ಹಾಕಿದರು.

ನನ್ನ ಹಾಲು, ಅವರ ಡಬ್ಬಿ, ಆ ಮೊಸರು ಸಿಹಿಯಾಗಿರುತ್ತಿತ್ತು. ಚಮಚ ನಿಲ್ಲುವಷ್ಟು ಗಟ್ಟಿ. ನನ್ನ ಗಡಿಗೆಯದಕ್ಕಿಂತ ಒಳ್ಳೆಯದು ಅಂತ ಅವರ ಮುಂದೆ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟಲು ನೆಕ್ಕಿದ್ದನ್ನು ಅವರು ನೋಡಿರಬೇಕು.

ಏಳು ಸಾಲು ಆದವು. ಅಕ್ಕೋರು ಅದನ್ನು ದುಂಡಗೆ ನಕಲು ಮಾಡಿ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿದರು, ಕೆಳಗೆ ನನ್ನ ಹೆಸರು ಬರೆದರು. ಜಲನಗರದಲ್ಲಿ ನನ್ನ ಹೆಸರು ಇದ್ದದ್ದು ಆ ಗೋಡೆಯ ಮೇಲೆ ಮಾತ್ರ. ಶಿಕ್ಷೆ ಮುಗಿದರೂ ಬರೆಸುವುದನ್ನು ಬಿಡಲಿಲ್ಲ. ಬೋಣಿಗೆ ಆದ ಮೇಲೆ ಒಂದು ಪುಟ. ಈಗ ಇದನ್ನು ಬರೆಯುತ್ತಿರುವುದು ಆ ಕೈಯೇ.

ಮುಂದೆ ಎರಡೋ ಮೂರೋ ವರ್ಷ ಹಾಗೇ ನಡೆಯಿತು... ಕಣ್ಣಿನ ಆಪರೇಷನ್‌ಗೆಂದು ಅವರು ತಮ್ಮನ ಊರಿಗೆ ಹೊರಟಾಗ ಒಂದು ತಿಂಗಳ ಮಾತು ಅಂದಿದ್ದರು. ಡಬ್ಬಿ ತೊಳೆದು ಬೋರಲು ಹಾಕಿದ್ದರು. ಗೋಡೆಯ ಕಾಗದ ನೋಡುತ್ತ ಕೇಳಿದರು. "ಮತ್ತೇನರ ಬರಿಯೂದು ಉಳದೈತೇನ?"

"ಏನೂ ಇಲ್ರಿ. ಮುಗೀತು," ಅಂದೆ.

ಉಳಿದಿತ್ತು. ಹೆಪ್ಪೇ ಇಲ್ಲದ ದಿನ ಏನು ಮಾಡಬೇಕು ಎಂಬುದನ್ನು ಬರೆದಿರಲಿಲ್ಲ. ಬೇಕೆಂದೇ ಬಿಟ್ಟಿದ್ದೆ. ಒಂದು ತಿಂಗಳು ಬಿಟ್ಟು ಬಂದರೆ ಮನೆಯಲ್ಲಿ ಹೆಪ್ಪು ಇರುವುದಿಲ್ಲ, ಆಗ ನನ್ನ ದಾರಿಯನ್ನೇ ಕಾಯಬೇಕು ಅಂತ ಲೆಕ್ಕ ಹಾಕಿದ್ದೆ. ವ್ಯಾಪಾರದವಳ ಬುದ್ಧಿ.

ಅವರು ಬರಲಿಲ್ಲ. ತೀರಿಕೊಂಡ ಸುದ್ದಿಯನ್ನು ಪಕ್ಕದ ಮನೆಯವರು ಗೇಟಿನಲ್ಲಿ ಹೇಳಿದರು. ತಿಂಗಳು ತುಂಬಿತು, ಬಂದಿರಬಹುದು ಎಂದು ತಂದ ಹಾಲಿನ ಕ್ಯಾನು ಕೈಯಲ್ಲಿತ್ತು. ಅವರ ಹಾಲನ್ನು ಅದೇ ಪಕ್ಕದ ಮನೆಗೆ ಅಳೆದು ಕೊಟ್ಟು ಮುಂದೆ ಹೋದೆ. ಹಾಲು ಚೆಲ್ಲುವುದು ನನಗೆ ಗೊತ್ತಿಲ್ಲ.

ಎಮ್ಮೆ ಮಾರಿ, ಬುಟ್ಟಿ ಬಿಟ್ಟು ಮಗಳ ಮನೆಗೆ ಬಂದು ಬಹಳ ದಿನವಾಯಿತು. ಅಕ್ಕೋರ ಆ ಮನೆಯಲ್ಲಿ ಈಗ ಬೇರೆ ಜನ ಇದ್ದಾರೆ, ಗೋಡೆಗೆ ಬಣ್ಣ ಹೊಡೆದಿದ್ದಾರಂತೆ. ಮೊನ್ನೆ ಮಗಳು ಹೊಸ ಡಬ್ಬಿ ಹಚ್ಚಿ, ಏನವ್ವಾ ನೋಡಾಕತ್ತೀ ಅಂದಳು. ಏನಿಲ್ಲ ಅಂದೆ. ಆ ಉಳಿದ ಮಾತನ್ನು ಅಕ್ಕೋರಿಗೆ ಅಂದೇ ಹೇಳಿದ್ದರೆ ನನ್ನದೇನೂ ಹೋಗುತ್ತಿರಲಿಲ್ಲ. ಅವರು ಇಲ್ಲ, ಆದರೂ ಬರೆಯುತ್ತೇನೆ.

ಹೆಪ್ಪು ಇಲ್ಲದ ದಿನ, ಉಗುರು ಬೆಚ್ಚಗಿನ ಹಾಲಿಗೆ ಮೆಣಸಿನಕಾಯಿಯ ತೊಟ್ಟು ನಾಲ್ಕು ಬಿಡಬೇಕು. ಮೊದಲ ಸಲ ತೆಳ್ಳಗೆ ಕೂಡುತ್ತದೆ. ಅದನ್ನೇ ಹೆಪ್ಪು ಮಾಡಿ ಇನ್ನೊಂದು ಸಲ ಹಾಕಿದರೆ ಗಟ್ಟಿಯಾಗುತ್ತದೆ ಅಕ್ಕೋರ, ಯಾರ ದಾರಿಯೂ ಕಾಯಬೇಕಾಗಿಲ್ಲ.