ಇಸ್ತ್ರಿಪೆಟ್ಟಿಗೆಗೆ ಅಂಟಿದ ಮೂಗು

ಮಾರ್ಕೆಟ್ ಯಾರ್ಡ್ ಹಿಂದಿನ ತಗಡಿನ ಶೆಡ್ಡಿನಿಂದ ಧಡ್ ಧಡ್ ಸದ್ದೂ ನಡುನಡುವೆ ಹೆಂಗಸಿನ ಬೈಗುಳವೂ ಕೇಳಿದಾಗ, ಒಳಗೆ ಯಾವಳೋ ಗಂಡನನ್ನು ಚಚ್ಚುತ್ತಿದ್ದಾಳೆಂದೇ ಸುಖೇಶ್ ಶೆಟ್ಟರು ತಿಳಿದರು. ಪರರ ಸಂಸಾರದಲ್ಲಿ ಬಾಯಿ ಹಾಕಬಾರದೆಂದು ಬೀದಿಯಲ್ಲೇ ನಿಂತು ಕಾದರು. ಕೊನೆಗೆ ಇಣುಕಿದರೆ, ಅಂಗಿಗಳಿಗೆ ಚಿತ್ರ ಅಚ್ಚು ಹಾಕುವ ಸಾಬವ್ವ ಟೀ ಶರ್ಟುಗಳ ಮೇಲೆ ಜಾಲರಿ ಬಿಗಿದ ಮರದ ಚೌಕಟ್ಟು ಕುಕ್ಕಿ ಬಣ್ಣ ಎಳೆಯುತ್ತಿದ್ದಳು, ಬೈಗುಳವೆಲ್ಲ ಬಣ್ಣಕ್ಕೆ. ಗಂಡ ಫಕೀರಪ್ಪ ಯಾರ್ಡಿನಲ್ಲಿ ಕ್ಷೇಮವಾಗಿ ಉಳ್ಳಾಗಡ್ಡಿ ಚೀಲ ಹೊರುತ್ತಿದ್ದ.

ಊರಿನ ಕ್ಯಾಂಪ್ ಬಡಾವಣೆಯಲ್ಲಿ ಹೋಟೆಲಿಟ್ಟ ಶೆಟ್ಟರಿಗೆ ತಮ್ಮ ಮಾಣಿಗಳ ಕರಿ ಅಂಗಿಯ ಎದೆಯ ಮೇಲೆ ತಮ್ಮದೇ ಮುಖ ಬೇಕಿತ್ತು. ಸಾಬವ್ವ ಎರಡು ಮಾದರಿ ಬಟ್ಟೆ ಅವರ ಮುಂದೆ ಎಸೆದಳು. ನೀರಿನ ಇಂಕು ನೂಲಿನೊಳಗೆ ಇಳಿಯುತ್ತದೆ, ಬಟ್ಟೆ ಹರಿಯುವತನಕ ಬಿಡುವುದಿಲ್ಲ. ಕರಿ ಬಟ್ಟೆಯ ಮೇಲೆ ಮಾತ್ರ ಮಂಕು. ಪ್ಲಾಸ್ಟಿಸಾಲ್ ಇಂಕು ಬಟ್ಟೆಯ ಮೇಲೇ ಕೂತು ಮಿರಮಿರ ಮಿಂಚುತ್ತದೆ, ಅದನ್ನು ಹೀಟ್ ಪ್ರೆಸ್ ಯಂತ್ರದ ಕಾದ ತಟ್ಟೆಯಡಿ ಬೇಯಿಸಬೇಕು. ಶೆಟ್ಟರ ಬೆರಳು ಮಿಂಚುವುದರ ಮೇಲೆಯೇ ಹೋಯಿತು.

"ತಗೊಳ್ರಿ. ಆದ್ರ ಅಂಗಿ ಉಲ್ಟಾ ಮಾಡಿ ಇಸ್ತ್ರಿ ಮಾಡ್ರಿ, ಇಲ್ಲಾಂದ್ರ ಮಾರಿ ಕಿತ್ತು ಬರ್ತದ."

ಅಷ್ಟರಲ್ಲಿ ಬಾಗಿಲು ಒದ್ದು ಮೂವರು ನುಗ್ಗಿದರು. ಅಷ್ಟಮಿಗೆ ಮೊಸರುಗಡಿಗೆ ಒಡೆಯುವ ದಹಿಹಂಡಿ ಮಂಡಳದವರು, ಸಾಬವ್ವನ ಬಳಿ ಅಂಗಿಗಳಿಗೆ ತಮ್ಮ ಅಧ್ಯಕ್ಷರ ಮುಖ ಹಾಕಿಸಿಕೊಂಡು ಹೋದವರು. ಅಧ್ಯಕ್ಷರ ಮುಖದಲ್ಲಿ ಸುಕ್ಕಿರಬಾರದೆಂದು ಅಚ್ಚಿನ ಮೇಲೇ ಇಸ್ತ್ರಿ ಎಳೆದಿದ್ದರು. ಅಧ್ಯಕ್ಷರ ಮೂಗು ಇಸ್ತ್ರಿಪೆಟ್ಟಿಗೆಗೆ ಅಂಟಿ ಬಂದಿತ್ತು. ಅದಕ್ಕೆ ಹೀಟ್ ಪ್ರೆಸ್ ಪುಡಿ ಮಾಡುತ್ತೇವೆಂದು ಗುಡುಗಿದರು. ಅದಿಲ್ಲದಿದ್ದರೆ ಸಾಬವ್ವನ ಮನೆಯ ಒಲೆಯೂ ಉರಿಯದು. ಬೇಕಾದರೆ ತನ್ನನ್ನು ಹೊಡೆಯಿರಿ, ಅದನ್ನು ಮುಟ್ಟಿದರೆ ಕೈ ಉಳಿಯದು ಎಂದು ಅವರದೇ ಮರಾಠಿಯಲ್ಲಿ ಹೇಳಿ ಅಡ್ಡ ನಿಂತಳು.

ಒಬ್ಬ ಅವಳ ತುರುಬು ಹಿಡಿದು ಹಣೆಯನ್ನು ಮೇಜಿನಂಚಿಗೆ ಅಪ್ಪಳಿಸಿದ. ಚರ್ಮ ಸೀಳಿ ರಕ್ತ ಕಣ್ಣಿಗಿಳಿಯಿತು. ಆಗ ಶೆಟ್ಟರು ಕೈಯೆತ್ತಿ, ತಾವು ಯಾರು, ತಮ್ಮ ಹೋಟೆಲಿಗೆ ಎಂಥೆಂಥ ಸಾಹೇಬರು ದೋಸೆಗೆ ಬರುತ್ತಾರೆ ಎಂದು ವಿವರಿಸತೊಡಗಿದರು. ವಿವರಣೆಯ ನಡುವೆ ಮುಷ್ಟಿಯೊಂದು ಬಿತ್ತು. ಮೂಗಿನ ಎಲುಬು ಲಟಕ್ಕೆಂದಿತು. ಶೆಟ್ಟರು ಬಣ್ಣದ ಡಬ್ಬಗಳ ನಡುವೆ ಕುಸಿದರು.

ಇನ್ನೊಬ್ಬ ಪ್ರೆಸ್ಸಿಗೆ ಕಬ್ಬಿಣದ ಸರಳೆತ್ತಿದ. ಸಾಬವ್ವ ಚೌಕಟ್ಟನ್ನು ಅವನ ಮಣಿಕಟ್ಟಿಗೆ ಬೀಸಿದಳು. ಎಲುಬು ಮುರಿದ ಸದ್ದಿಗೆ ಅವನೇ ಬೆಚ್ಚಿದ. ತುರುಬು ಹಿಡಿದವನ ಕೈಯನ್ನು ಎಳೆದು ಪ್ರೆಸ್ಸಿನ ಕಾದ ತಟ್ಟೆಗೆ ಒತ್ತಿದಳು. ಚುರ್ರೆಂದಿತು, ಸುಟ್ಟ ಚರ್ಮದ ವಾಸನೆ ಶೆಡ್ಡು ತುಂಬಿತು. ಮೂರನೆಯವನಿಗೆ ಅಧ್ಯಕ್ಷರ ಮೂಗು ಅಷ್ಟೇನೂ ಮುಖ್ಯವೆನ್ನಿಸಲಿಲ್ಲ. ಚೀರುತ್ತಿದ್ದ ಇಬ್ಬರನ್ನೂ ಎಳೆದುಕೊಂಡು ಓಡಿದ.

ಸಾಬವ್ವ ಮೊದಲು ಪ್ರೆಸ್ ಕೆಲಸ ಮಾಡುತ್ತಿದೆಯೇ ಎಂದು ನೋಡಿ, ಆಮೇಲೆ ಹಣೆಗೆ ಚಿಂದಿ ಸುತ್ತಿದಳು. ಶೆಟ್ಟರು ಸೊಟ್ಟಗಾದ ಮೂಗನ್ನು ಹಿಡಿದುಕೊಂಡೇ ಎದ್ದರು.

"ಅಲ್ಲ ಮಾರಾಯ್ತಿ, ನನ್ನ ಮೂಗು ಯಾವ ಇಂಕಿನಲ್ಲಿ ಹಾಕಿದ್ರೆ ಗಟ್ಟಿ ಉಳಿಯುತ್ತದೆ?"

"ಬಾಯಿ ಮುಚ್ಕೊಂಡಿದ್ರ ಯಾವ ಇಂಕಿನಾಗೂ ಉಳೀತದ್ರಿ, ಶೆಟ್ರ."